ಹಗುರ ಮೈ, ಬಿರುಸು ಬಲ, ಪಳಗಿದ ಕೈ

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಂಥ ಊರಿಗೆ ಯಾರಾದರೂ ಹೊಸ ಬೈಕು ತಂದರೆ ಎರಡು ಪ್ರಶ್ನೆಗಳು ತಪ್ಪುವುದಿಲ್ಲ. ‘ಲೀಟರಿಗೆ ಎಷ್ಟು ಕೊಡುತ್ತದೆ?’ ಎನ್ನುವುದು ಹಿರಿಯರ ಪ್ರಶ್ನೆ. ‘ಎಷ್ಟು ಸಿಸಿ?’ ಎನ್ನುವುದು ಹುಡುಗರದು. ಗಾಡಿಯ ತೂಕ ಎಷ್ಟು ಎಂದು ಕೇಳುವವರು ಅಪರೂಪ. ಓಡುವ ಗಾಡಿ ನಿಲ್ಲಲು ಎಷ್ಟು ದೂರ ಬೇಕು ಎಂದು ಕೇಳುವವರಂತೂ ಇಲ್ಲವೆಂದೇ ಹೇಳಬಹುದು.

ಆದರೆ ಇಂದು ಮಾರುಕಟ್ಟೆಯಲ್ಲಿ ಒಂದು ಜಾತಿಯ ಬೈಕುಗಳಿವೆ. ಮೈ ಹಗುರ, ಎಂಜಿನ್ ಬಿರುಸು, ಎದೆಗೆ ಹೊಡೆಯುವ ಗಾಳಿಯನ್ನು ತಡೆಯುವ ಕವಚ ಇಲ್ಲ. ಇವಕ್ಕೆ ‘ನೇಕೆಡ್ ಬೈಕ್’ ಎಂದು ಹೆಸರು. ಇಂಥ ಗಾಡಿಗಳನ್ನು ಓಡಿಸಿ ನೋಡಿ ಬರೆಯುವವರು ಕೊನೆಗೆ ಒಂದು ಸಾಲು ಸೇರಿಸುವುದುಂಟು: ‘ಇದು ಅನುಭವಿ ಸವಾರರಿಗೆ’. ಅನುಭವಿ ಎಂದರೆ ಯಾರು? ಅದನ್ನು ಅಳೆಯುವವರು ಯಾರು? ಹಗುರವೂ ಬಲಶಾಲಿಯೂ ಆದ ಗಾಡಿಗೆ ಮಾತ್ರ ಈ ಎಚ್ಚರಿಕೆ ಏಕೆ?

ಈ ಪ್ರಶ್ನೆಗಳಿಗೆ ಉತ್ತರವನ್ನು ದೂರದ ಜಪಾನಿನಲ್ಲೋ ಯುರೋಪಿನಲ್ಲೋ ಮಾತ್ರ ಹುಡುಕಬೇಕಾಗಿಲ್ಲ. ಮೈಸೂರಿನ ಜಾವಾದಿಂದ ಹಿಡಿದು ಹೊಸೂರಿನ ಕಾರ್ಖಾನೆಯವರೆಗೆ ನಮ್ಮ ಸುತ್ತಮುತ್ತಲೇ ಅರವತ್ತು ವರ್ಷಕ್ಕೂ ಮೀರಿದ ಮೋಟಾರ್ ಸೈಕಲ್ ಚರಿತ್ರೆ ಇದೆ. ಅದಕ್ಕೂ ಹಿಂದಿನ ಪಾಠವೊಂದು ದೊಡ್ಡಉಳ್ಳಾರ್ತಿಯ ಆಸುಪಾಸಿನ ಕಾವಲುಗಳಲ್ಲೇ ಇದೆ.

ಕಾವಲಿನ ಪಾಠ

ಉಳ್ಳಾರ್ತಿ ಕಾವಲು ಅಮೃತಮಹಲ್ ಕಾವಲುಗಳಲ್ಲಿ ಒಂದು. ಇತ್ತೀಚಿನ ವರ್ಷಗಳಲ್ಲಿ ಅದರ ಹೆಸರು ಕೇಳಿಬಂದಿದ್ದು ಬೇರೆ ಕಾರಣಕ್ಕೆ. ಚಳ್ಳಕೆರೆ ತಾಲ್ಲೂಕಿನ ಕಾವಲು ಭೂಮಿಯನ್ನು ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ರಕ್ಷಣಾ ಸಂಶೋಧನಾ ಸಂಸ್ಥೆ ಮೊದಲಾದವುಗಳಿಗೆ ಕೊಟ್ಟಾಗ ಹುಲ್ಲುಗಾವಲಿನ ಹಕ್ಕಿನ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಆದರೆ ಈ ಕಾವಲುಗಳು ಹುಟ್ಟಿದ್ದು ದನಗಳಿಗಾಗಿ, ಅದರಲ್ಲೂ ವೇಗವಾಗಿ ನಡೆಯುವ ದನಗಳಿಗಾಗಿ.

ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಇತ್ತು. ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತಮಹಲ್’ ಎಂಬ ಹೆಸರಿಟ್ಟ. ಹಳ್ಳಿಕಾರ್, ಹಾಗಲವಾಡಿ ಮತ್ತು ಚಿತ್ರದುರ್ಗದ ತಳಿಗಳಿಂದ ಈ ದನ ರೂಪುಗೊಂಡಿತು ಎನ್ನುತ್ತಾರೆ. ಹೈದರಾಲಿಯ ಸೈನ್ಯ ಚಿದಂಬರದ ರಕ್ಷಣೆಗೆ ಹೋಗುವಾಗ ಎರಡೂವರೆ ದಿನದಲ್ಲಿ 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್ ಕ್ರಮಿಸಿದ್ದು ಇದೇ ಎತ್ತುಗಳ ಬಲದಿಂದ ಎಂದು ಈ ತಳಿಯ ಚರಿತ್ರೆ ಬರೆದವರು ಹೇಳುತ್ತಾರೆ. ಫಿರಂಗಿ, ಸಾಮಾನು ಸರಂಜಾಮು ಎಳೆದುಕೊಂಡು ಈ ವೇಗ! 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರೂ ಈ ದನಗಳನ್ನು ತಮ್ಮ ಸೈನ್ಯಕ್ಕಾಗಿ ಉಳಿಸಿಕೊಂಡರು.

ಅಮೃತಮಹಲ್ ಎತ್ತು ದೈತ್ಯ ಗಾತ್ರದ ಪ್ರಾಣಿಯಲ್ಲ. ಮೈ ಬಿಗಿ, ಕಾಲು ಉದ್ದ, ಗೊರಸು ಗಟ್ಟಿ. ಇದಕ್ಕಿಂತ ದಪ್ಪನೆಯ, ಇದಕ್ಕಿಂತ ಹೆಚ್ಚು ಭಾರ ಎಳೆಯುವ ಎತ್ತುಗಳು ಬೇರೆ ಇದ್ದವು. ಆದರೆ ತನ್ನ ತೂಕಕ್ಕೆ ತಕ್ಕಂತೆ ನೋಡಿದರೆ ಇದರಷ್ಟು ದೂರ, ಇಷ್ಟು ಬೇಗ ನಡೆಯುವ ಎತ್ತು ಸಿಗುವುದು ಕಷ್ಟವಾಗಿತ್ತು. ಇದರ ಇನ್ನೊಂದು ಗುಣವನ್ನೂ ದನ ಬಲ್ಲವರು ಮರೆಯದೆ ಹೇಳುತ್ತಾರೆ. ಇದು ಬೆದರುವ ಜಾತಿ. ಹೊಸಬರ ಕೈಗೆ ಸುಲಭವಾಗಿ ಒಗ್ಗುವುದಿಲ್ಲ. ತಾಳ್ಮೆಯಿಂದ ಪಳಗಿಸಬೇಕು.

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿನ ಮ್ಯಾಸಬೇಡರು ‘ದೇವರ ಎತ್ತು’ಗಳನ್ನು ಸಾಕಿಕೊಂಡು ಬಂದಿದ್ದಾರೆ. ಅವುಗಳನ್ನು ನೋಡಿಕೊಳ್ಳುವವನು ಕಿಲಾರಿ. ದನದ ಸ್ವಭಾವ ಅರಿತವನಿಗೇ ಆ ಹೊಣೆ. ಬಲವಾದ ಪ್ರಾಣಿಯನ್ನು ಯಾರ ಕೈಗೆ ಕೊಡಬೇಕು ಎಂಬ ಪ್ರಶ್ನೆಯನ್ನು ಈ ನೆಲದ ಜನ ಎಂದೋ ಕೇಳಿಕೊಂಡಿದ್ದಾರೆ. ಎಂಜಿನ್ನಿನ ವಿಷಯಕ್ಕೆ ಬಂದಾಗ ಮಾತ್ರ ನಾವು ಅದನ್ನು ಮರೆತಂತಿದೆ.

ಏನಿದು ‘ನೇಕೆಡ್’?

ಹೆಸರು ಕೇಳಿ ಬೆಚ್ಚಬೇಕಾಗಿಲ್ಲ. ಮೋಟಾರ್ ಸೈಕಲ್ ಹುಟ್ಟಿದಾಗ ಎಲ್ಲವೂ ‘ನೇಕೆಡ್’ ಆಗಿಯೇ ಇದ್ದವು. ಎಂಜಿನ್, ಪೆಟ್ರೋಲ್ ಟ್ಯಾಂಕು, ಚೌಕಟ್ಟು ಎಲ್ಲವೂ ಕಣ್ಣಿಗೆ ಕಾಣುತ್ತಿದ್ದವು. ರೇಸಿನ ಬೈಕುಗಳಿಗೆ ಗಾಳಿ ಸೀಳಿಕೊಂಡು ಹೋಗಲು ಕವಚ ಹಾಕಿದರು. ಅದಕ್ಕೆ ‘ಫೇರಿಂಗ್’ ಎನ್ನುತ್ತಾರೆ. 1980ರ ದಶಕದಲ್ಲಿ ಅಂಗಡಿಯಲ್ಲಿ ಮಾರುವ ದೊಡ್ಡ ಬೈಕುಗಳಿಗೂ ಈ ಕವಚ ಬಂತು. ಆಗ ಕವಚ ಇಲ್ಲದವಕ್ಕೆ ಬೇರೆ ಹೆಸರೇ ಬೇಕಾಯಿತು. ಮಿಗುಯೆಲ್ ಗಲುಝಿ ವಿನ್ಯಾಸ ಮಾಡಿದ ಇಟಲಿಯ ಡುಕಾಟಿ ಮಾನ್‌ಸ್ಟರ್ 1993ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಈ ಬಗೆಯ ಬೈಕು ಜಗತ್ತಿನ ತುಂಬ ಫ್ಯಾಷನ್ ಆಯಿತು.

ಕವಚ ಇಲ್ಲದಿರುವುದರಿಂದ ಲಾಭವೂ ಇದೆ, ನಷ್ಟವೂ ಇದೆ. ತೂಕ ಕಡಿಮೆಯಾಗುತ್ತದೆ. ಬಿದ್ದರೆ ಒಡೆಯುವ ಪ್ಲಾಸ್ಟಿಕ್ ಇರುವುದಿಲ್ಲ. ಹ್ಯಾಂಡಲ್ ಅಗಲವಾಗಿದ್ದು ಸವಾರ ನೆಟ್ಟಗೆ ಕೂರುವುದರಿಂದ ಸಂದಿಗೊಂದಿಗಳಲ್ಲಿ ತಿರುಗಿಸುವುದು ಸುಲಭ. ಆದರೆ ವೇಗ ಏರಿದಂತೆ ಗಾಳಿ ನೇರವಾಗಿ ಎದೆಗೆ ಹೊಡೆಯುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ನೂರರ ಮೇಲೆ ಹೊತ್ತುಗಟ್ಟಲೆ ಓಡಿಸಿದರೆ ಕುತ್ತಿಗೆ, ತೋಳು ಸೋಲುತ್ತವೆ. ಒಂದು ಲೆಕ್ಕದಲ್ಲಿ ಇದು ಒಳ್ಳೆಯದೇ. ಎಷ್ಟು ವೇಗದಲ್ಲಿ ಇದ್ದೇವೆ ಎಂಬುದನ್ನು ಮೈಯೇ ಹೇಳುತ್ತದೆ.

ಬಲ ಭಾಗಿಸು ಭಾರ

ಬೈಕನ್ನು ಸಿಸಿಯಿಂದ ಅಳೆಯುವುದು ಚೀಲದ ಗಾತ್ರ ನೋಡಿ ಶೇಂಗಾದ ಬೆಲೆ ಕಟ್ಟಿದಂತೆ. ಸಿಸಿ ಎಂದರೆ ಎಂಜಿನ್ನಿನೊಳಗಿನ ಜಾಗದ ಅಳತೆ ಅಷ್ಟೆ. ಆ ಜಾಗದಿಂದ ಎಷ್ಟು ಅಶ್ವಶಕ್ತಿ ಹೊರಬರುತ್ತದೆ, ಆ ಶಕ್ತಿ ಎಷ್ಟು ತೂಕವನ್ನು ಎಳೆಯಬೇಕು ಎಂಬುದು ಮುಖ್ಯ. ಅಶ್ವಶಕ್ತಿಯನ್ನು ತೂಕದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಗಾಡಿಯ ಚುರುಕಿನ ಮೊದಲ ಸೂಚನೆ.

ನಮ್ಮ ರಸ್ತೆಗಳಲ್ಲಿ ಓಡಿದ ಕೆಲವು ಗಾಡಿಗಳನ್ನು ಈ ತಕ್ಕಡಿಯಲ್ಲಿಟ್ಟು ನೋಡೋಣ. ತೂಕಗಳು ಸ್ಥೂಲವಾಗಿವೆ. ಹಳೆಯ ಜಾವಾ 250ಕ್ಕೆ 12 ಅಶ್ವಶಕ್ತಿ, ತೂಕ ಸುಮಾರು 130 ಕೆಜಿ. ಅಂದರೆ ಪ್ರತಿ 100 ಕೆಜಿಗೆ ಸುಮಾರು 9 ಅಶ್ವಶಕ್ತಿ. ಹಳೆಯ ಬುಲೆಟ್ 350ಕ್ಕೆ 18 ಅಶ್ವಶಕ್ತಿ, ತೂಕ ಸುಮಾರು 165 ಕೆಜಿ. ಲೆಕ್ಕ 11ಕ್ಕೆ ಹತ್ತಿರ. ಯಮಹಾ ಆರ್‌ಎಕ್ಸ್ 100ಕ್ಕೆ ಬರೀ 11 ಅಶ್ವಶಕ್ತಿ, ಆದರೆ ತೂಕ ಸುಮಾರು 103 ಕೆಜಿ. ಇದೂ 11ರ ಹತ್ತಿರ. ರಾಜ್‌ದೂತ್ 350ಕ್ಕೆ 30.5 ಅಶ್ವಶಕ್ತಿ, ಸುಮಾರು 155 ಕೆಜಿ. ಲೆಕ್ಕ 20ಕ್ಕೆ ಜಿಗಿಯುತ್ತದೆ. 2013ರ ಕೆಟಿಎಂ 390 ಡ್ಯೂಕ್‌ಗೆ 43 ಅಶ್ವಶಕ್ತಿ, ಸುಮಾರು 154 ಕೆಜಿ, ಲೆಕ್ಕ 28. ಅದೇ ಕಂಪನಿ 2019ರಲ್ಲಿ ಭಾರತಕ್ಕೆ ತಂದ 790 ಡ್ಯೂಕ್‌ಗೆ 105 ಅಶ್ವಶಕ್ತಿ, ಪೆಟ್ರೋಲ್ ಸೇರಿ ಸುಮಾರು 190 ಕೆಜಿ, ಲೆಕ್ಕ 55!

ಇನ್ನೊಂದು ಸೂಕ್ಷ್ಮವಿದೆ. ಬೈಕು ತಾನಾಗಿ ಓಡುವುದಿಲ್ಲ, ಮೇಲೆ ಮನುಷ್ಯ ಕೂರುತ್ತಾನೆ. 70 ಕೆಜಿಯ ಸವಾರ ಕೂತರೆ ಆರ್‌ಎಕ್ಸ್ 100ರ ಒಟ್ಟು ತೂಕ 173 ಕೆಜಿ, ಲೆಕ್ಕ 6ರ ಸುತ್ತಮುತ್ತ. ಹಿಂದೆ ಇನ್ನೊಬ್ಬ ಹತ್ತಿದರೆ ನಾಲ್ಕೂವರೆ. ಗಾಡಿ ಹಗುರವಾದಷ್ಟೂ ಸವಾರನ ತೂಕ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಅಷ್ಟೇ ಅಲ್ಲ, ಆತ ಎಲ್ಲಿ ಕೂರುತ್ತಾನೆ, ಯಾವ ಕಡೆ ವಾಲುತ್ತಾನೆ ಎಂಬುದೂ ಗಾಡಿಯ ನಡೆಯನ್ನು ಬದಲಿಸುತ್ತದೆ. ಭಾರದ ಗಾಡಿ ಸವಾರನ ಸಣ್ಣಪುಟ್ಟ ತಪ್ಪನ್ನು ನುಂಗಿಕೊಳ್ಳುತ್ತದೆ. ಹಗುರ ಗಾಡಿ ಅದನ್ನು ಕೂಡಲೇ ರಸ್ತೆಗೆ ತಲುಪಿಸುತ್ತದೆ. ‘ಅನುಭವಿಗಳಿಗೆ’ ಎಂಬ ಮಾತಿನ ಮೊದಲ ಅರ್ಥ ಇದು.

ಮೈಸೂರಿನ ಗಾಡಿ

ಈ ನಾಡಿನವರಿಗೆ ಮೋಟಾರ್ ಸೈಕಲ್ಲಿನ ರುಚಿ ಹತ್ತಿಸಿದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಜೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿ ಪಡೆದು ಇದನ್ನು ಕಟ್ಟಿದರು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. 1961ರಿಂದ ಇಲ್ಲಿ ತಯಾರಾದ ಗಾಡಿಗಳು ಹೊರಬರತೊಡಗಿದವು. ಜಾವಾ ಎಂಬ ಹೆಸರಿನಲ್ಲೇ ಒಂದು ಕಥೆ ಇದೆ. ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬೈಕಿನ ಹಕ್ಕು ಕೊಂಡ. ಎರಡೂ ಹೆಸರುಗಳ ಮೊದಲೆರಡು ಅಕ್ಷರ ಸೇರಿ ಜಾವಾ ಆಯಿತು.

ಜಾವಾ ಎರಡು ಸ್ಟ್ರೋಕಿನ ಗಾಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ಸುತ್ತಿದಾಗ ಒಮ್ಮೆ ಪೆಟ್ರೋಲ್ ಉರಿದು ಶಕ್ತಿ ಬರುತ್ತದೆ. ಎರಡು ಸ್ಟ್ರೋಕಿನದರಲ್ಲಿ ಪ್ರತಿ ಸುತ್ತಿಗೂ ಶಕ್ತಿ ಬರುತ್ತದೆ. ವಾಲ್ವು, ಕ್ಯಾಮು ಮುಂತಾದ ಬಿಡಿಭಾಗಗಳ ತಾಪತ್ರಯ ಕಡಿಮೆ. ಹೀಗಾಗಿ ಎಂಜಿನ್ ಹಗುರ, ಎಳೆತ ಬಿರುಸು. ಆದರೆ ಪೆಟ್ರೋಲಿನ ಜೊತೆ ಆಯಿಲ್ ಕೂಡ ಉರಿಯುತ್ತದೆ. ಹೊಗೆ ಬರುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಬಂಕಿನಲ್ಲಿ ಪೆಟ್ರೋಲ್ ಜೊತೆ ಆಯಿಲ್ ಹಾಕಿಸಿ ಗಾಡಿಯನ್ನು ಒಮ್ಮೆ ಅಲ್ಲಾಡಿಸುತ್ತಿದ್ದುದು ಅನೇಕ ಓದುಗರಿಗೆ ನೆನಪಿರಬಹುದು.

ಗೇರಿನ ಲಿವರ್‌ಅನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುತ್ತಿತ್ತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಹೊಸಬರಿಗೆ ಇವೆಲ್ಲ ವಿಚಿತ್ರ, ಕಲಿತವರಿಗೆ ಹೆಮ್ಮೆ. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ಬಂದ ರೋಡ್‌ಕಿಂಗ್ 16 ಅಶ್ವಶಕ್ತಿಯ ಗಾಡಿ. ಕಚ್ಚಾ ಹಾದಿಯಲ್ಲಿ ಕುಣಿದು ಓಡುವ ಮೋಟೋಕ್ರಾಸ್ ಸ್ಪರ್ಧೆಗಳಲ್ಲಿ ಯೆಜ್ಡಿಗೆ ಒಳ್ಳೆಯ ಹೆಸರಿತ್ತು. ಡಾ. ರಾಜ್‌ಕುಮಾರ್ ಮೋಟಾರ್ ಸೈಕಲ್ ರೇಸಿನ ನಾಯಕನಾಗಿ ಕಾಣಿಸಿಕೊಂಡ ‘ನಾ ನಿನ್ನ ಮರೆಯಲಾರೆ’ 1976ರಲ್ಲಿ ತೆರೆಗೆ ಬಂದಾಗ ಬೈಕು ಕನ್ನಡದ ಹುಡುಗರ ಕನಸಿನೊಳಕ್ಕೂ ಇಳಿಯಿತು.

ಹಗುರ, ಬಲ ಎಂಬ ಇಂದಿನ ಅಳತೆಯಲ್ಲಿ ಜಾವಾ, ಯೆಜ್ಡಿ ದೊಡ್ಡ ಅಂಕ ಪಡೆಯುವುದಿಲ್ಲ. ಆದರೆ ಅವುಗಳಲ್ಲಿ ಒಂದು ಹದ ಇತ್ತು. ಎಂಜಿನ್ ಕೊಡುವ ವೇಗ, ಬ್ರೇಕು ತಡೆಯುವ ವೇಗ, ಆ ಕಾಲದ ರಸ್ತೆ ಸಹಿಸುವ ವೇಗ ಈ ಮೂರರ ನಡುವೆ ಹೆಚ್ಚು ಅಂತರ ಇರಲಿಲ್ಲ. ಸವಾರ ಆ ಗಾಡಿಯ ಜೊತೆಗೇ ಅನುಭವಿ ಆಗುತ್ತಿದ್ದ.

ಎತ್ತು ಏರಿಗೆ, ಕೋಣ ನೀರಿಗೆ

ಈ ಹದ ತಪ್ಪಿದ್ದು 1983ರಲ್ಲಿ. ಎಸ್ಕಾರ್ಟ್ಸ್ ಕಂಪನಿ ಯಮಹಾದ ಸಹಯೋಗದಲ್ಲಿ ರಾಜ್‌ದೂತ್ 350 ಎಂಬ ಗಾಡಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಇದು 1970ರ ದಶಕದಲ್ಲಿ ಅಮೆರಿಕ, ಯುರೋಪಿನಲ್ಲಿ ಹೆಸರು ಮಾಡಿದ್ದ ಯಮಹಾ ಆರ್‌ಡಿ 350ರ ಭಾರತೀಯ ರೂಪ. 347 ಸಿಸಿ, ಎರಡು ಸಿಲಿಂಡರ್, ಆರು ಗೇರು. ಮೂಲ ಗಾಡಿಯ 39 ಅಶ್ವಶಕ್ತಿಯನ್ನು ಇಲ್ಲಿಗಾಗಿ 30.5ಕ್ಕೆ ಇಳಿಸಿದ್ದರು. ಆಮೇಲೆ ಬಂದ ಇನ್ನೊಂದು ಮಾದರಿಯಲ್ಲಿ ಅದು 27ಕ್ಕೆ ಇಳಿಯಿತು. ಹಾಗಿದ್ದರೂ ಅಂದಿನ ಭಾರತದಲ್ಲಿ ಅದಕ್ಕೆ ಸರಿಸಾಟಿ ಇರಲಿಲ್ಲ.

ಸೋಜಿಗವೆಂದರೆ, ವಿದೇಶದ ಮಾದರಿಯಲ್ಲಿ ಮುಂದಿನ ಚಕ್ರಕ್ಕಿದ್ದ ಡಿಸ್ಕ್ ಬ್ರೇಕು ಇಲ್ಲಿಗೆ ಬರುವಾಗ ಡ್ರಮ್ ಬ್ರೇಕಾಗಿ ಬದಲಾಗಿತ್ತು. ಆಕ್ಸಲರೇಟರ್ ಸ್ವಲ್ಪ ತಿರುಗಿಸಿದಾಗ ಸಾಧುವಿನಂತೆ ಇರುವ ಎರಡು ಸ್ಟ್ರೋಕಿನ ಎಂಜಿನ್, ಒಂದು ಹಂತ ದಾಟಿದ ಕೂಡಲೇ ಹಠಾತ್ತನೆ ಎಳೆಯುತ್ತದೆ. ಅದನ್ನು ನಿರೀಕ್ಷಿಸದವನ ಕೈಯಿಂದ ಗಾಡಿ ಜಾರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಂತೆ ಎಂಜಿನ್ ಒಂದು ಕಡೆ, ಬ್ರೇಕು ಇನ್ನೊಂದು ಕಡೆ ಆಯಿತು. ಆರ್‌ಡಿ ಎಂದರೆ ‘ರ್‍ಯಾಪಿಡ್ ಡೆತ್’, ಅಂದರೆ ದಿಢೀರ್ ಸಾವು ಎಂಬ ಅಡ್ಡಹೆಸರು ದೇಶದ ತುಂಬ ಹಬ್ಬಿತು. ಪೆಟ್ರೋಲ್ ವಿಪರೀತ ಕುಡಿಯುತ್ತದೆ ಎಂಬ ದೂರು ಬೇರೆ. ದಶಕ ಮುಗಿಯುವ ಹೊತ್ತಿಗೆ ಅದರ ತಯಾರಿ ನಿಂತೇಹೋಯಿತು. ಅಂದು ಕೊಳ್ಳುವವರಿಲ್ಲದೆ ನಿಂತ ಅದೇ ಗಾಡಿಗೆ ಇಂದು ಸಂಗ್ರಹಕಾರರು ದುಬಾರಿ ಬೆಲೆ ಕೊಡುತ್ತಾರೆ.

ಅದೇ ಕಂಪನಿಯಿಂದ 1985ರ ಕೊನೆಯಲ್ಲಿ ಬಂದ ಆರ್‌ಎಕ್ಸ್ 100ರ ಕಥೆ ಬೇರೆ. 98 ಸಿಸಿ, ಒಂದೇ ಸಿಲಿಂಡರ್. ಕಾಗದದ ಮೇಲೆ ಇದು ಬುಲೆಟ್ಟಿಗೆ ಸಮನಲ್ಲ. ಸವಾರ ಕೂತ ಮೇಲೆ ಲೆಕ್ಕ ಹಾಕಿದರಂತೂ ಬುಲೆಟ್ಟೇ ಮುಂದೆ. ಆದರೆ ಸಿಗ್ನಲಿನಲ್ಲಿ ಹಸಿರು ಬಿದ್ದಾಗ ಮುಂದೆ ಹೋಗುತ್ತಿದ್ದುದು ಆರ್‌ಎಕ್ಸ್. ಏಕೆಂದರೆ ಇದರ ಎಂಜಿನ್ ಬೇಗ ಸುತ್ತು ಏರುತ್ತದೆ, ಗೇರುಗಳು ಒತ್ತೊತ್ತಾಗಿವೆ, ಎಳೆಯಬೇಕಾದ ಕಬ್ಬಿಣ ಕಡಿಮೆ. ಸಂಖ್ಯೆ ಪೂರ್ತಿ ಸತ್ಯವನ್ನು ಹೇಳುವುದಿಲ್ಲ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಬೆಂಗಳೂರಿನ ಕಾಲೇಜು ಹುಡುಗರಿಂದ ಹಳ್ಳಿಯ ಹಾಲಿನವರ ತನಕ ಎಲ್ಲರೂ ಅದನ್ನು ಮೆಚ್ಚಿದರು. ಹಗುರ ಗಾಡಿ ಎಂದರೇನು ಎಂಬುದನ್ನು ನಮ್ಮ ಜನರಿಗೆ ಕಲಿಸಿದ್ದೇ ಆರ್‌ಎಕ್ಸ್ ಎನ್ನಬಹುದು. ಕಲಿಯುವಾಗ ಬಿದ್ದವರೂ ಕಡಿಮೆಯಿಲ್ಲ.

1996 ಈ ಚರಿತ್ರೆಯಲ್ಲಿ ನೆನಪಿಡಬೇಕಾದ ವರ್ಷ. ವಾಹನಗಳ ಹೊಗೆಯ ನಿಯಮಗಳು ಆ ವರ್ಷ ಬಿಗಿಯಾದವು. ಆರ್‌ಎಕ್ಸ್ 100ರ ತಯಾರಿ ನಿಂತಿತು. ಮೈಸೂರಿನ ಯೆಜ್ಡಿ ಕಾರ್ಖಾನೆಯೂ ಅದೇ ವರ್ಷ ಬಾಗಿಲು ಮುಚ್ಚಿತು. 1985ರಿಂದ ಹೀರೊ ಹೋಂಡಾದ ನಾಲ್ಕು ಸ್ಟ್ರೋಕಿನ ಗಾಡಿಗಳು ಮೈಲೇಜಿನ ರುಚಿ ಹತ್ತಿಸಿದ್ದವು. ಕಾರ್ಖಾನೆಯನ್ನೇ ನಂಬಿದ್ದ ಮೈಸೂರಿನ ಕುಟುಂಬಗಳಿಗೆ ಅದು ಕಷ್ಟದ ಕಾಲ. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಮಾರುಕಟ್ಟೆಗೆ ಬಂದವು. ಆದರೆ ಆ ಗಾಡಿಗಳು ತಯಾರಾಗಿದ್ದು ಮಧ್ಯಪ್ರದೇಶದ ಪೀತಂಪುರದಲ್ಲಿ.

ಬಿರುಸು ಮರಳಿ ಬಂತು

ಎರಡು ಸ್ಟ್ರೋಕು ಹೋದ ಮೇಲೆ ಹಗುರ, ಬಿರುಸು ಎರಡನ್ನೂ ಒಟ್ಟಿಗೆ ಕೊಡುವ ಗಾಡಿ ನಮ್ಮಲ್ಲಿ ಹಲವು ವರ್ಷ ಅಪರೂಪವಾಗಿತ್ತು. ಆಸ್ಟ್ರಿಯದ ಕೆಟಿಎಂ ಕಂಪನಿಯಲ್ಲಿ ಬಜಾಜ್ 2007ರಲ್ಲಿ ಪಾಲು ಕೊಂಡಿತು. ಪುಣೆ ಬಳಿಯ ಚಾಕಣದಲ್ಲಿ ತಯಾರಾದ 200 ಡ್ಯೂಕ್ 2012ರಲ್ಲೂ 390 ಡ್ಯೂಕ್ 2013ರಲ್ಲೂ ಬಂದವು. ಚಕ್ರ ಹಠಾತ್ತನೆ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಬ್ರೇಕು ಇದ್ದ 390ರ ಆರಂಭದ ಬೆಲೆ ದೆಹಲಿಯಲ್ಲಿ 1.80 ಲಕ್ಷ ರೂಪಾಯಿ. ಅಂದರೆ ರಾಜ್‌ದೂತ್ 350ಕ್ಕಿಂತಲೂ ಚುರುಕಾದ ಗಾಡಿ ಮಧ್ಯಮ ವರ್ಗದ ಕೈಗೆಟಕಿತು.

ನಮ್ಮ ಗಡಿಗೆ ತಾಗಿಕೊಂಡ, ಕನ್ನಡ ಮನೆಮಾತಾಗಿರುವವರು ಬಹಳ ಮಂದಿ ಇರುವ ಹೊಸೂರಿನಲ್ಲೂ ಇದೇ ಜಾತಿಯ ಗಾಡಿ ಹುಟ್ಟಿತು. ಟಿವಿಎಸ್ ಮತ್ತು ಜರ್ಮನಿಯ ಬಿಎಂಡಬ್ಲ್ಯು 2013ರಲ್ಲಿ ಒಪ್ಪಂದ ಮಾಡಿಕೊಂಡವು. ಅದರ ಫಲವಾಗಿ ಹೊಸೂರಿನಲ್ಲಿ ತಯಾರಾದ ಜಿ 310 ಆರ್ ಎಂಬ ನೇಕೆಡ್ ಬೈಕು ವಿದೇಶಗಳಿಗೆ ಹೋಯಿತು. 2018ರಲ್ಲಿ ಭಾರತದಲ್ಲೂ ಮಾರಾಟಕ್ಕೆ ಬಂತು. ಅದಕ್ಕೆ 34 ಅಶ್ವಶಕ್ತಿ, ತೂಕ 160 ಕೆಜಿಯ ಆಸುಪಾಸು.

2022ರಲ್ಲಿ ಬೆಂಗಳೂರಿನ ಅಲ್ಟ್ರಾವಯಲೆಟ್ ಕಂಪನಿ ಎಫ್77 ಎಂಬ ವಿದ್ಯುತ್ ಬೈಕನ್ನು ಹೊರತಂದಿತು. ವಿದ್ಯುತ್ ಮೋಟಾರಿಗೆ ನಿಂತಲ್ಲಿಂದಲೇ ಪೂರ್ತಿ ಎಳೆತ ಇರುತ್ತದೆ. ಆದರೆ ಬ್ಯಾಟರಿಯ ಭಾರದಿಂದ ಅದರ ತೂಕ 200 ಕೆಜಿಯ ಹತ್ತಿರ ಬರುತ್ತದೆ. ಬಲವನ್ನು ಸುಲಭವಾಗಿ ತರಬಹುದು, ಹಗುರತನವನ್ನು ತರುವುದು ಕಷ್ಟ ಎಂಬ ಹಳೆಯ ಮಾತು ಇಲ್ಲಿಯೂ ನಿಜವಾಗಿದೆ.

ಕೊಳ್ಳುವ ಮುನ್ನ ಏನು ನೋಡಬೇಕು?

ಇಂಥ ಗಾಡಿಯನ್ನು ಅಳೆಯುವಾಗ ಮೊದಲು ನೋಡಬೇಕಾದದ್ದು ಬ್ರೇಕು ಮತ್ತು ಟೈರು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಸವಾರ ಅಪಾಯ ಕಂಡು ಬ್ರೇಕು ಹಿಡಿಯಲು ಒಂದು ಸೆಕೆಂಡ್ ತೆಗೆದುಕೊಂಡರೆ ಅಷ್ಟರಲ್ಲೇ 14 ಮೀಟರ್ ಹೋಗಿರುತ್ತಾನೆ. ಒಣ ಡಾಂಬರು ರಸ್ತೆಯಲ್ಲಿ ಚೆನ್ನಾಗಿ ಬ್ರೇಕು ಹಿಡಿದರೆ ನಿಲ್ಲಲು ಇನ್ನೂ 14 ಮೀಟರ್ ಬೇಕು. ಒಟ್ಟು 28. ವೇಗ 100 ಇದ್ದರೆ ಮೊದಲ ಸೆಕೆಂಡಿಗೆ 28 ಮೀಟರ್, ಬ್ರೇಕಿಗೆ 56 ಮೀಟರ್. ಒಟ್ಟು 84. ವೇಗ ಎರಡು ಪಟ್ಟು, ದೂರ ಮೂರು ಪಟ್ಟು. ಹಗುರ ಗಾಡಿ 100ರ ವೇಗವನ್ನು ಕೆಲವೇ ಸೆಕೆಂಡಿನಲ್ಲಿ ಮುಟ್ಟುತ್ತದೆ. ಆದರೆ ನಿಲ್ಲುವ ದೂರಕ್ಕೆ ಅದು ವಿಶೇಷ ರಿಯಾಯಿತಿ ಕೊಡುವುದಿಲ್ಲ.

ಎರಡನೆಯದು ಆಕ್ಸಲರೇಟರಿನ ಸ್ವಭಾವ. ಕೈ ತಿರುಗಿಸಿದಷ್ಟೇ ಬಲ ಬರುತ್ತದೆಯೇ ಅಥವಾ ಒಂದು ಹಂತದ ಮೇಲೆ ಮೈಮೇಲೆ ಬಂದಂತೆ ಎಳೆಯುತ್ತದೆಯೇ? ಚಕ್ರಗಳ ನಡುವಿನ ಅಂತರ ಚಿಕ್ಕದಾಗಿದ್ದು ಬಲ ಹೆಚ್ಚಿದ್ದರೆ ಗಾಡಿ ಮುಂದಿನ ಚಕ್ರ ಎತ್ತುತ್ತದೆ. ಸಿನಿಮಾದಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತದೆ. ರಸ್ತೆಯಲ್ಲಿ ಮುಂದಿನ ಚಕ್ರ ಮೇಲಿದ್ದಷ್ಟು ಹೊತ್ತು ಹ್ಯಾಂಡಲಿಗೂ ಮುಂದಿನ ಬ್ರೇಕಿಗೂ ಕೆಲಸವೇ ಇರುವುದಿಲ್ಲ. ಹೊಸ ಮಾದರಿಗಳಲ್ಲಿ ಹಿಂದಿನ ಚಕ್ರ ಜಾರದಂತೆ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂದಿದೆ. 399 ಸಿಸಿಯ ಹೊಸ 390 ಡ್ಯೂಕ್‌ನಲ್ಲೂ ಇದು ಇದೆ. ಅದು ಸವಾರನಿಗೆ ಸಹಾಯಕನೇ ಹೊರತು ಬದಲಿಯಲ್ಲ.

ಮೂರನೆಯದು ನಾವು ಓಡಿಸುವ ರಸ್ತೆ. ಬೈಕು ಪರೀಕ್ಷೆಗಳು ಹೆಚ್ಚಾಗಿ ರೇಸಿನ ಟ್ರ್ಯಾಕಿನಲ್ಲೋ ಘಾಟಿಯ ರಸ್ತೆಯಲ್ಲೋ ನಡೆಯುತ್ತವೆ. ಚಳ್ಳಕೆರೆ ಸೀಮೆಯ ಪರೀಕ್ಷೆ ಬೇರೆ. ಇಲ್ಲಿ ರಸ್ತೆ ನೆಟ್ಟಗೆ, ಬಯಲು ವಿಶಾಲ. ಕಣ್ಣಿಗೆ ವೇಗ ಗೊತ್ತಾಗುವುದಿಲ್ಲ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಒಕ್ಕಣೆ, ಸಂಜೆಯಾದರೆ ಕುರಿ ಹಿಂಡು, ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ಬಣ್ಣ ಬಳಿಯದ ಉಬ್ಬು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಆಷಾಢದ ಅಡ್ಡಗಾಳಿ ಹಗುರ ಗಾಡಿಯನ್ನು ರಸ್ತೆಯ ಅಂಚಿಗೆ ತಳ್ಳಬಲ್ಲದು. ಇಂಥ ಕಡೆ ಗಟ್ಟಿ ಸ್ಪ್ರಿಂಗಿನ ಗಾಡಿ ಸೊಂಟ ಮುರಿಯುತ್ತದೆ. ಸೀಟು ಎತ್ತರವಿದ್ದರೆ ಕಾಲು ನೆಲಕ್ಕೆ ಊರದೆ ನಿಂತಲ್ಲೇ ಬೀಳುವುದುಂಟು.

ನಾಲ್ಕನೆಯದು ಹಿಂದಿನ ಸೀಟು. ನೇಕೆಡ್ ಬೈಕಿನ ಹಿಂದಿನ ಸೀಟು ಅಂಗೈ ಅಗಲ. ಹೆಂಡತಿ, ಮಗುವನ್ನು ಕೂರಿಸಿಕೊಂಡು ಸಂತೆಗೆ ಹೋಗುವ ಗಾಡಿ ಇದಲ್ಲ. ಹಿಂದೆ ಭಾರ ಬಿದ್ದರೆ ಮುಂದಿನ ಚಕ್ರ ಇನ್ನೂ ಹಗುರವಾಗುತ್ತದೆ. ಮನೆಗೆ ಒಂದೇ ಗಾಡಿ ಎನ್ನುವವರು ಈ ಮಾತನ್ನು ತೂಗಿ ನೋಡಬೇಕು.

ಅನುಭವಿ ಎಂದು ಬರೆದುಕೊಡುವವರು ಯಾರು?

ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ದೊಡ್ಡದು. 1988ರ ಮೋಟಾರು ವಾಹನ ಕಾಯ್ದೆ ಮೋಟಾರ್ ಸೈಕಲ್ಲುಗಳನ್ನು ಪರವಾನಗಿಯ ಮಟ್ಟಿಗೆ ಎರಡೇ ಗುಂಪು ಮಾಡಿದೆ. ಗೇರು ಇರುವವು, ಗೇರು ಇಲ್ಲದವು. 18 ತುಂಬಿದ ಹುಡುಗ 100 ಸಿಸಿ ಗಾಡಿಯಲ್ಲಿ ಎಂಟರ ಆಕಾರ ಸುತ್ತಿ ತೋರಿಸಿ ಗೇರಿನ ಲೈಸೆನ್ಸ್ ಪಡೆದರೆ, ಮರುದಿನವೇ 105 ಅಶ್ವಶಕ್ತಿಯ ಗಾಡಿ ಓಡಿಸಲು ಕಾನೂನಿನ ಅಡ್ಡಿಯಿಲ್ಲ. ಅಡ್ಡಿ ಇರುವುದು ಜೇಬಿನದು ಮಾತ್ರ.

ಯುರೋಪಿನಲ್ಲಿ 2013ರಿಂದ ಮೆಟ್ಟಿಲುಗಳಿವೆ. ಮೊದಲ ಮೆಟ್ಟಿಲಿನವರಿಗೆ 125 ಸಿಸಿ, 11 ಕಿಲೋವ್ಯಾಟ್ ಮಿತಿ. ಎರಡನೆಯವರಿಗೆ 35 ಕಿಲೋವ್ಯಾಟ್, ಅಂದರೆ ಸುಮಾರು 47 ಅಶ್ವಶಕ್ತಿ. ಗಮನಿಸಬೇಕಾದ ಅಂಶವೆಂದರೆ, ಅಲ್ಲಿನ ಕಾನೂನು ಬಲವನ್ನು ಮಾತ್ರ ನೋಡುವುದಿಲ್ಲ. ಒಂದು ಕೆಜಿ ತೂಕಕ್ಕೆ ಎಷ್ಟು ಬಲ ಎಂಬುದಕ್ಕೂ ಮಿತಿ ಹಾಕಿದೆ. ಎರಡು ವರ್ಷ ಆ ಗಾಡಿ ಓಡಿಸಿ ಮತ್ತೆ ತರಬೇತಿಯನ್ನೋ ಪರೀಕ್ಷೆಯನ್ನೋ ಮುಗಿಸಿದ ಮೇಲೆ ಮಿತಿಯಿಲ್ಲದ ಪರವಾನಗಿ. ನೇರವಾಗಿ ಅದನ್ನೇ ಪಡೆಯಬೇಕೆಂದರೆ ಸಾಮಾನ್ಯವಾಗಿ 24 ವಯಸ್ಸಾಗಿರಬೇಕು. ನಮ್ಮಲ್ಲಿ ಹುಡುಗರ ಮೊದಲ ಕನಸಾಗಿರುವ 390 ಡ್ಯೂಕ್ ಅಲ್ಲಿ ಎರಡನೇ ಮೆಟ್ಟಿಲಿನ ಅಂಚಿಗೆ ಬಂದು ನಿಲ್ಲುವ ಗಾಡಿ.

ನಮ್ಮ ಸರ್ಕಾರ ಏನೂ ಮಾಡಿಲ್ಲ ಎಂದಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ ಎಬಿಎಸ್ ಕಡ್ಡಾಯವಾಯಿತು. ರಾಜ್‌ದೂತ್ 350ರ ಕಾಲದ ತಪ್ಪನ್ನು ಹೀಗೆ ಅರ್ಧ ತಿದ್ದಿದಂತಾಯಿತು. ಉಳಿದರ್ಧ ಸವಾರನದು. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಮೇಲಿದ್ದವರು. ಇವರೆಲ್ಲ ಬಿರುಸಿನ ಬೈಕು ಓಡಿಸುತ್ತಿದ್ದರು ಎನ್ನಲಾಗದು. ಬಹುಪಾಲು ಗಾಡಿಗಳು ಸಾಧಾರಣದವೇ. ಸಾಧಾರಣ ಗಾಡಿಯಲ್ಲೇ ಇಷ್ಟು ಸಾವು ಇರುವಾಗ, ಐದು ಪಟ್ಟು ಚುರುಕಾದ ಗಾಡಿಯನ್ನು ಯಾವ ತರಬೇತಿಯೂ ಇಲ್ಲದೆ ಕೈಗೆ ಕೊಡುವುದು ಸರಿಯೇ ಎಂಬುದು ಪ್ರಶ್ನೆ.

ಹಗುರವೂ ಬಲಶಾಲಿಯೂ ಆದ ಬೈಕು ಕೆಟ್ಟದ್ದಲ್ಲ. ತಿಳಿದವನ ಕೈಯಲ್ಲಿ ಅದು ಭಾರದ ಗಾಡಿಗಿಂತ ಬೇಗ ತಿರುಗುತ್ತದೆ, ಗುಂಡಿ ತಪ್ಪಿಸುತ್ತದೆ, ಸವಾರನ ಮಾತು ಕೇಳುತ್ತದೆ. ಎಂಜಿನಿಯರುಗಳು ನೂರು ವರ್ಷದಿಂದ ಹುಡುಕುತ್ತಿದ್ದ ಗುಣ ಅದು. ಆದರೆ ಅದನ್ನು ಕೊಳ್ಳುವವನು ಸಿಸಿ ಕೇಳುವ ಮುನ್ನ ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಚಿಕ್ಕ ಗಾಡಿಯಲ್ಲಿ ಎಷ್ಟು ಮಳೆಗಾಲ ಕಳೆದಿದ್ದೇನೆ? ಮುಂದಿನ ಬ್ರೇಕನ್ನು ಹದವಾಗಿ ಹಿಡಿಯುವುದು ಕಲಿತಿದ್ದೇನೆಯೇ? ಹಿಂದಿನವನು ಹಾರ್ನ್ ಹೊಡೆದಾಗ ದಾರಿ ಬಿಡುವಷ್ಟು ಸಮಾಧಾನ ನನಗಿದೆಯೇ?

ಸೈನ್ಯದ ಫಿರಂಗಿ ಎಳೆಯುವ ಎತ್ತನ್ನು ಹಿಂದಿನವರು ಎಳೆಗರುವಾಗಿದ್ದಾಗಲೇ ನೊಗಕ್ಕೆ ಕಟ್ಟುತ್ತಿರಲಿಲ್ಲ, ಪಳಗದವನ ಕೈಗೂ ಕೊಡುತ್ತಿರಲಿಲ್ಲ. ಲೈಸೆನ್ಸ್ ಕಚೇರಿಗಳು ಈ ಮೆಟ್ಟಿಲುಗಳನ್ನು ಕಟ್ಟುವ ತನಕ ಆ ಕೆಲಸ ಮನೆಯವರದೇ. ಮಗ ಶೋರೂಮಿನ ಬಾಗಿಲಲ್ಲಿ ನಿಂತು ಹಟ ಹಿಡಿದಾಗ ‘ಇನ್ನೆರಡು ವರ್ಷ ಈ ಹಳೇ ಗಾಡಿಯಲ್ಲೇ ತಿರುಗು, ಆಮೇಲೆ ನೋಡೋಣ’ ಎನ್ನುವ ಅಪ್ಪನ ಮಾತು ಜಿಪುಣತನದಂತೆ ಕೇಳಿಸಬಹುದು. ಯುರೋಪು ಕಾನೂನು ಬರೆದು ಹೇಳಿದ್ದೂ ಅದನ್ನೇ.